ಮೂಳೆ ಸಾರು, ಅಕ್ಕಿ ಶಾವಿಗೆ, ಅಜಿನೊಮೊಟೊ: ಮನೆಯಲ್ಲೇ ವಿಯೆಟ್ನಾಂ ‘ಫೋ’ ಮಾಡುವವರು ತಿಳಿದಿರಬೇಕಾದ ಸಂಗತಿಗಳು

‘ಮೂಳೆ ಸೂಪ್ ಕುಡಿಯಿರಿ, ಮಂಡಿನೋವು ಮಾಯ.’ ‘ನೂಡಲ್ಸ್ ಮೇಲೆ ಮೇಣ ಬಳಿದಿರುತ್ತಾರೆ, ದಿನಗಟ್ಟಲೆ ಹೊಟ್ಟೆಯಲ್ಲೇ ಉಳಿಯುತ್ತದೆ.’ ‘ಅಜಿನೊಮೊಟೊ ನಿಧಾನ ವಿಷ, ಎಲ್ಲ ಗ್ರೂಪ್‌ಗೂ ಕಳಿಸಿ.’ ಇಂಥ ಸಂದೇಶಗಳು ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತವೆ. ಮೂರು ವಿಷಯವೂ ಒಂದೇ ಬಟ್ಟಲಿನಲ್ಲಿ ಸೇರುವ ಅಡುಗೆಯೊಂದಿದೆ: ವಿಯೆಟ್ನಾಂನ ನೂಡಲ್ ಸೂಪ್ ‘ಫೋ’. ರೀಲ್ಸ್ ನೋಡಿ ಇದನ್ನು ಮನೆಯಲ್ಲಿ ಮಾಡಬೇಕೆನ್ನುವವರು ಬೆಂಗಳೂರಿನಲ್ಲಷ್ಟೇ ಅಲ್ಲ, ಆಲಮಟ್ಟಿ, ಮುದ್ದೇಬಿಹಾಳದಂಥ ಊರುಗಳಲ್ಲೂ ಇರಬಹುದು. ಬೇಕಾದ ಸಾಮಾನು ಬಹುಪಾಲು ನಮ್ಮ ಸಂತೆಯಲ್ಲೇ ಸಿಗುತ್ತದೆ.

ಹೀಗಾಗಿ ಈ ಒಂದು ಬಟ್ಟಲನ್ನು ಮುಂದಿಟ್ಟುಕೊಂಡೇ ಫಾರ್ವರ್ಡ್‌ಗಳನ್ನು ಪರೀಕ್ಷಿಸೋಣ. ಮೊದಲೇ ಹೇಳಿಬಿಡುವುದಾದರೆ, ಫಾರ್ವರ್ಡ್‌ಗಳು ಹೊಗಳುವಷ್ಟು ಗುಣ ಈ ಸಾರಿನಲ್ಲಿಲ್ಲ; ಅವು ಹೆದರಿಸುವಷ್ಟು ಅಪಾಯವೂ ಇಲ್ಲ. ಕಾಳಜಿ ವಹಿಸಬೇಕಾದ ಅಪಾಯ ಶುರುವಾಗುವುದು ಒಲೆ ಆರಿಸಿದ ಮೇಲೆ. ಅದರ ಬಗ್ಗೆ ಫಾರ್ವರ್ಡ್‌ಗಳು ಸಾಮಾನ್ಯವಾಗಿ ಮಾತೇ ಆಡುವುದಿಲ್ಲ.

ಫೋ ಎಂದರೇನು?

ಬರೆಯುವಾಗ ‘ಫೋ’ ಎಂದರೂ ವಿಯೆಟ್ನಾಮಿಗರ ಬಾಯಲ್ಲಿ ಅದು ‘ಫ’ಕ್ಕೆ ಹತ್ತಿರವಾಗಿ ಕೇಳಿಸುತ್ತದೆ. ಮೂಳೆ ಬೇಯಿಸಿ ತೆಗೆದ ತಿಳಿ ಸಾರು, ಅದರೊಳಗೆ ಅಕ್ಕಿಯ ಚಪ್ಪಟೆ ನೂಡಲ್ಸ್, ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಹಸಿ ಸೊಪ್ಪು, ಲಿಂಬೆ ರಸ. ಇಷ್ಟೇ ಇದರ ಸ್ವರೂಪ. ಇದು ರೂಪ ತಳೆದದ್ದು ಉತ್ತರ ವಿಯೆಟ್ನಾಂನ ನಾಮ್ ದಿನ್ ಪ್ರಾಂತ್ಯ ಮತ್ತು ಹನೋಯ್ ನಗರದಲ್ಲಿ, ಫ್ರೆಂಚರ ಆಳ್ವಿಕೆಯಿದ್ದ 20ನೇ ಶತಮಾನದ ಆರಂಭದಲ್ಲಿ. 1954ರಲ್ಲಿ ದೇಶ ಎರಡಾದಾಗ ದಕ್ಷಿಣಕ್ಕೆ ಹೋದ ಜನರ ಜೊತೆ ಸೈಗಾನ್‌ಗೂ, 1975ರ ನಂತರ ನಿರಾಶ್ರಿತರ ಜೊತೆ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾಗಳಿಗೂ ಹರಡಿತು.

ಮೂಲ ಫೋ ದನದ ಮೂಳೆಯದು. ಕರ್ನಾಟಕದಲ್ಲಿ 2021ರಿಂದ ಜಾನುವಾರು ಹತ್ಯೆ ತಡೆಯುವ ಕಠಿಣ ಕಾಯ್ದೆ ಜಾರಿಯಲ್ಲಿದೆ, ಬಹಳ ಮನೆಗಳಲ್ಲಿ ಅದನ್ನು ತಿನ್ನುವುದೂ ಇಲ್ಲ. ಹಾಗೆಂದು ಕೋಳಿಯಲ್ಲಿ ಮಾಡಿದರೆ ‘ನಕಲಿ’ ಎಂದುಕೊಳ್ಳಬೇಕಿಲ್ಲ. ಕೋಳಿಯ ಫೋ (ಫೋ ಗಾ) ವಿಯೆಟ್ನಾಂನಲ್ಲೇ ದಶಕಗಳಿಂದ ಬಳಕೆಯಲ್ಲಿದೆ. ಬೌದ್ಧರು ವ್ರತದ ದಿನಗಳಲ್ಲಿ ತಿನ್ನುವ ಶಾಕಾಹಾರಿ ಫೋ (ಫೋ ಚಾಯ್) ಕೂಡ ಇದೆ.

ನಮ್ಮ ಶಾವಿಗೆಗೂ ಇದಕ್ಕೂ ಏನು ನಂಟು?

ವಿಜಯಪುರ ಜಿಲ್ಲೆಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಶ್ಯಾವಿಗೆ, ಹಪ್ಪಳ, ಸಂಡಿಗೆಯ ಕೆಲಸ. ಇಲ್ಲಿಯ ಶ್ಯಾವಿಗೆ ಗೋದಿಯದು. ಗೋದಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುವುದರಿಂದ, ಚೆನ್ನಾಗಿ ನಾದಿದ ಕಣಕ ರಬ್ಬರಿನಂತೆ ಹಿಗ್ಗುತ್ತದೆ. ಕೂದಲೆಳೆಯಷ್ಟು ಸಣ್ಣಗೆ ಎಳೆದರೂ ತುಂಡಾಗುವುದಿಲ್ಲ.

ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಹಸಿ ಅಕ್ಕಿ ಹಿಟ್ಟನ್ನು ಎಷ್ಟು ನಾದಿದರೂ ಎಳೆ ಬರುವುದಿಲ್ಲ. ಅದಕ್ಕೇ ಹಳೇ ಮೈಸೂರು ಭಾಗದ ಒತ್ತು ಶಾವಿಗೆಯಲ್ಲಿ ಹಿಟ್ಟನ್ನು ಮೊದಲು ಬೇಯಿಸಿ, ಉಂಡೆ ಕಟ್ಟಿ, ಬಿಸಿ ಇರುವಾಗಲೇ ಒರಳಿನಲ್ಲಿ ಒತ್ತುತ್ತಾರೆ. ಕೊಡಗಿನ ನೂಪುಟ್ಟು ಕೂಡ ಅಕ್ಕಿಯದೇ. ಬೆಂದಾಗ ಅಕ್ಕಿಯ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ; ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಅಂಟು ಮಾಡುತ್ತದೆ. ವಿಯೆಟ್ನಾಂನ ‘ಬುನ್’ ಎಂಬ ದುಂಡನೆಯ ಅಕ್ಕಿ ನೂಡಲ್ಸ್ ಕೂಡ ಒತ್ತಿಯೇ ಮಾಡುವುದು. ಫೋಗೆ ಬಳಸುವುದು ಚಪ್ಪಟೆಯದು: ಅಕ್ಕಿ ಹಿಟ್ಟಿನ ತೆಳು ಸಂಪಣವನ್ನು ಆವಿಯಲ್ಲಿ ಹಾಳೆಯಂತೆ ಬೇಯಿಸಿ, ಪಟ್ಟಿಯಾಗಿ ಕತ್ತರಿಸುತ್ತಾರೆ.

ನೂಡಲ್ ಸೂಪ್ ಕರ್ನಾಟಕಕ್ಕೆ ಹೊಸತೂ ಅಲ್ಲ. 1960ರ ದಶಕದಲ್ಲಿ ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟನ್ನರು ತಮ್ಮ ‘ಥುಕ್ಪಾ’ವನ್ನು ಜೊತೆಗೇ ತಂದರು. ಅದರ ನೂಡಲ್ಸ್ ಗೋದಿಯದು. ಮನೆಯಲ್ಲಿರುವ ಗೋದಿ ಶ್ಯಾವಿಗೆಯನ್ನು ಸಾರಿಗೆ ಹಾಕಿದರೆ ರುಚಿ ಥುಕ್ಪಾದ ಕಡೆ ವಾಲುತ್ತದೆ. ತಿನ್ನಲು ಅಡ್ಡಿಯಿಲ್ಲ, ಅದನ್ನು ಫೋ ಎನ್ನಲಾಗದು ಅಷ್ಟೇ.

ಈಗ ಫಾರ್ವರ್ಡ್‌ಗಳತ್ತ ಬರೋಣ.

ಹೇಳಿಕೆ 1: ಮೂಳೆ ಸಾರಿನಲ್ಲಿ ಭರಪೂರ ಕ್ಯಾಲ್ಸಿಯಂ, ಕೀಲುನೋವಿಗೆ ರಾಮಬಾಣ

ಕೈಕಾಲು ಮುರಿದವರಿಗೆ ಕಾಲು ಸೂಪ್ ಕೊಡುವುದು ನಮ್ಮಲ್ಲಿ ರೂಢಿ. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಮೂಳೆ ಬೇಯಿಸಿದರೆ ಸಾರಿಗೆ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ಮೂಳೆಯ ಕ್ಯಾಲ್ಸಿಯಂ ಇರುವುದು ಫಾಸ್ಫೇಟ್ ಜೊತೆ ಬೆಸೆದ ಗಟ್ಟಿ ಖನಿಜವಾಗಿ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗುವಂತಿದ್ದರೆ ಗಂಟೆಗಟ್ಟಲೆ ಕುದಿಸಿದ ಮೇಲೆ ಪಾತ್ರೆಯಲ್ಲಿ ಮೂಳೆಯೇ ಉಳಿಯಬಾರದಿತ್ತು. ಒಂದು ಬಟ್ಟಲು ಸಾರಿಗೆ ಬರುವ ಕ್ಯಾಲ್ಸಿಯಂ ದಿನದ ಅಗತ್ಯದ ಸಣ್ಣದೊಂದು ಪಾಲು ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. 200 ಮಿಲಿಲೀಟರ್ ಹಾಲಿನಿಂದ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚಿದೆ.

ಇನ್ನು ಕೊಲಾಜೆನ್. ಕೀಲು, ಚರ್ಮ, ನರಗಳಲ್ಲಿರುವ ಈ ಪ್ರೋಟೀನ್ ನಿಧಾನವಾಗಿ ಬೆಂದಾಗ ಜೆಲಾಟಿನ್ ಆಗಿ ಸಾರಿಗೆ ಇಳಿಯುವುದು ನಿಜ. ತಣ್ಣಗಾದ ಕಾಲು ಸೂಪ್ ಹಲ್ವಾದಂತೆ ಅಲುಗಾಡುವುದಕ್ಕೆ ಅದೇ ಕಾರಣ. ಆದರೆ ಹೊಟ್ಟೆಗೆ ಹೋದ ಮೇಲೆ ಅದು ಬೇರೆ ಪ್ರೋಟೀನ್‌ನಂತೆಯೇ ಸಣ್ಣ ಸಣ್ಣ ಚೂರುಗಳಾಗಿ ಒಡೆಯುತ್ತದೆ. ‘ಮಂಡಿಯ ಸಾಮಾನು ತಿಂದರೆ ಮಂಡಿಗೇ ಹೋಗುತ್ತದೆ’ ಎಂಬ ನೇರ ದಾರಿ ದೇಹದಲ್ಲಿಲ್ಲ. ಮೇಲಾಗಿ ಕೊಲಾಜೆನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ. ಹಾಗಾಗಿ ಬೇಳೆ, ಮೊಟ್ಟೆ, ಹಾಲಿನ ಜಾಗವನ್ನು ಅದೊಂದೇ ತುಂಬಲಾರದು.

ಹಾಗಾದರೆ ಸೂಪ್ ಬೇಡವೇ? ಬೇಕಾದರೆ ಕುಡಿಯಿರಿ. ಬಾಯಿ ಕೆಟ್ಟವರಿಗೆ ಬಿಸಿ ಸಾರು ಹಿತ. ನೀರು, ಉಪ್ಪು ಒಳಗೆ ಹೋಗುತ್ತದೆ. ಅದನ್ನು ನಂಬಿ ವೈದ್ಯರು ಬರೆದ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬಿಡುವುದು ತಪ್ಪು. ಗೌಟ್ ಇರುವವರಿಗೆ ಮಾಂಸದ ಸಾರಿನಲ್ಲಿರುವ ಪ್ಯೂರಿನ್ ತೊಂದರೆ ಕೊಡಬಹುದು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ದಿನಾ ಕುಡಿಯಬಾರದು.

ಹೇಳಿಕೆ 2: ಅಜಿನೊಮೊಟೊ ವಿಷ

ಅಜಿನೊಮೊಟೊ ಎಂಬುದು ಕಂಪನಿಯ ಹೆಸರು. ವಸ್ತುವಿನ ಹೆಸರು ಮೊನೊಸೋಡಿಯಂ ಗ್ಲುಟಮೇಟ್, ಚುಟುಕಾಗಿ ಎಂಎಸ್‌ಜಿ. ಜಪಾನಿನ ರಸಾಯನ ವಿಜ್ಞಾನಿ ಕಿಕುನೇ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣ ಎಂದು ಕಂಡುಹಿಡಿದರು. ಅದೇ ಗ್ಲುಟಮೇಟ್ ಟೊಮೆಟೊ, ಅಣಬೆ, ಚೀಸ್‌ಗಳಲ್ಲಿ ಸಹಜವಾಗಿ ಇದೆ. ತಾಯಿಯ ಹಾಲಿನಲ್ಲೂ ಇದೆ. ಫೋಗೆ ಹಾಕುವ ಮೀನಿನ ಸಾಸ್‌ನಲ್ಲಂತೂ ಹೇರಳ.

ಭಯ ಹುಟ್ಟಿದ್ದು 1968ರಲ್ಲಿ, ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವೈದ್ಯರ ಪತ್ರದಿಂದ. ಚೀನೀ ಹೋಟೆಲ್ ಊಟದ ನಂತರ ಕತ್ತು ಜೋಮು ಹಿಡಿಯುತ್ತದೆ ಎಂದು ಅವರು ಬರೆದು, ಕಾರಣ ಏನಿರಬಹುದೆಂದು ಊಹಿಸಿದ್ದರು. ಆ ಊಹೆಗಳಲ್ಲಿ ಎಂಎಸ್‌ಜಿ ಒಂದು. ಮುಂದೆ ತಿನ್ನುವವರಿಗೂ ಕೊಡುವವರಿಗೂ ಯಾವುದರಲ್ಲಿ ಎಂಎಸ್‌ಜಿ ಇದೆ ಎಂದು ತಿಳಿಯದಂತೆ ಮಾಡಿದ ಪ್ರಯೋಗಗಳಲ್ಲಿ, ಅಡುಗೆಯಲ್ಲಿ ಬಳಸುವ ಪ್ರಮಾಣಕ್ಕೆ ಈ ಲಕ್ಷಣಗಳು ಖಚಿತವಾಗಿ ಕಂಡುಬರಲಿಲ್ಲ. ಬರಿಹೊಟ್ಟೆಯಲ್ಲಿ ಹಲವು ಗ್ರಾಂ ತಿಂದಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಬೆವರು ಆಗಬಹುದು. ಒಗ್ಗದವರು ಬಿಡಬಹುದು, ಬೇರೆಯವರಿಗೆ ಅದು ವಿಷವೇನಲ್ಲ.

2015ರ ಮ್ಯಾಗಿ ಪ್ರಕರಣವನ್ನು ಇದಕ್ಕೆ ಸಾಕ್ಷಿಯಾಗಿ ಕೊಡುವವರಿದ್ದಾರೆ. ಆಗ ಮುಂದಿದ್ದ ಮುಖ್ಯ ಆರೋಪ ಸೀಸದ ಅಂಶ ಮಿತಿ ಮೀರಿದೆ ಎಂಬುದು. ಎಂಎಸ್‌ಜಿ ಬಗ್ಗೆ ಇದ್ದದ್ದು ‘ಸೇರಿಸಿಲ್ಲ’ ಎಂದು ಪೊಟ್ಟಣದ ಮೇಲೆ ಬರೆದ ಲೇಬಲ್‌ನ ತಕರಾರು. ಜೂನ್‌ನಲ್ಲಿ ಹೇರಿದ ನಿಷೇಧವನ್ನು ಬಾಂಬೆ ಹೈಕೋರ್ಟ್ ಆಗಸ್ಟ್‌ನಲ್ಲಿ ರದ್ದು ಮಾಡಿ ಮರುಪರೀಕ್ಷೆಗೆ ಹೇಳಿತು. ಅದರಲ್ಲಿ ಸೀಸ ಮಿತಿಯೊಳಗೆ ಕಂಡುಬಂದು, ನವೆಂಬರ್‌ನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು.

ನೂಡಲ್ ಸೂಪ್‌ನಲ್ಲಿ ಚಿಂತಿಸಬೇಕಾದದ್ದು ಸಾಮಾನ್ಯ ಉಪ್ಪಿನ ಬಗ್ಗೆ. ಉಪ್ಪಿನ ತೂಕದಲ್ಲಿ ಸುಮಾರು 39 ಶೇಕಡ ಸೋಡಿಯಂ. ಎಂಎಸ್‌ಜಿಯಲ್ಲಿ ಸುಮಾರು 12 ಶೇಕಡ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಸುಮಾರು ಒಂದು ಚಮಚೆ. ದೊಡ್ಡ ಬಟ್ಟಲಿನ ಸಾರನ್ನು ಕೊನೆಯ ಹನಿವರೆಗೆ ಕುಡಿದರೆ ಇದರಲ್ಲಿ ದೊಡ್ಡ ಪಾಲು ಒಂದೇ ಊಟದಲ್ಲಿ ಮುಗಿಯಬಹುದು. ಬಿಪಿ ಇರುವವರು ನೂಡಲ್ಸ್, ಸೊಪ್ಪು ತಿಂದು ಸಾರನ್ನು ಸ್ವಲ್ಪ ಉಳಿಸುವುದು ಒಳ್ಳೆಯದು.

ಹೇಳಿಕೆ 3: ನೂಡಲ್ಸ್‌ಗೆ ಮೇಣ, ಪ್ಲಾಸ್ಟಿಕ್ ಬೆರೆಸುತ್ತಾರೆ

ಅಕ್ಕಿ ನೂಡಲ್ಸ್ ಗಾಜಿನಂತೆ ಹೊಳೆಯುವುದು, ಬಾಗಿಸಿದರೆ ಬಳುಕುವುದು ನೋಡಿ ಈ ಸಂಶಯ. ಬೆಂದು ಒಣಗಿದ ಪಿಷ್ಟದ ಗುಣವೇ ಅದು. ನಮ್ಮ ಅಕ್ಕಿ ಸಂಡಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಅದೇ ಹೊಳಪು ಕಾಣುತ್ತದೆ. ಬೆಂಕಿ ಹಚ್ಚಿ ‘ಉರಿಯಿತು, ಹಾಗಾದರೆ ಪ್ಲಾಸ್ಟಿಕ್’ ಎನ್ನುವ ವಿಡಿಯೊಗಳೂ ಏನನ್ನೂ ಸಾಬೀತು ಮಾಡುವುದಿಲ್ಲ. ಒಣ ರೊಟ್ಟಿಗೆ ಬೆಂಕಿ ಹಚ್ಚಿದರೂ ಉರಿಯುತ್ತದೆ. ಬೇಯಿಸಿದ ನೀರಿನಲ್ಲಿ ಕಾಣುವ ಬಿಳಿ ಗಂಜಿ ಪಿಷ್ಟದ್ದು.

‘ಗ್ಲುಟೆನ್ ಇಲ್ಲ, ಹಾಗಾಗಿ ಶುಗರ್ ಇರುವವರಿಗೆ ಒಳ್ಳೆಯದು’ ಎಂಬ ಇನ್ನೊಂದು ಮಾತೂ ಸರಿಯಲ್ಲ. ಗ್ಲುಟೆನ್ ಪ್ರೋಟೀನ್, ಸಕ್ಕರೆ ಏರಿಸುವುದು ಕಾರ್ಬೊಹೈಡ್ರೇಟ್. 100 ಗ್ರಾಂ ಒಣ ಅಕ್ಕಿ ನೂಡಲ್ಸ್‌ನಲ್ಲಿ ಸುಮಾರು 80 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಅನ್ನಕ್ಕೆ ಹಾಕುವ ಲೆಕ್ಕವನ್ನೇ ಇದಕ್ಕೂ ಹಾಕಬೇಕು.

ಹೇಳಿಕೆ 4: ಚಕ್ರಮೊಗ್ಗಿನ ಕಷಾಯದಿಂದ ಜ್ವರ ಮಾಯ

ಫೋ ಸಾರಿನ ಪರಿಮಳಕ್ಕೆ ನಕ್ಷತ್ರದಾಕಾರದ ಚಕ್ರಮೊಗ್ಗೇ ಆಧಾರ. ಇನ್‌ಫ್ಲುಯೆಂಜಾಕ್ಕೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯ ಕಚ್ಚಾವಸ್ತು ಶಿಕಿಮಿಕ್ ಆಮ್ಲವನ್ನು ಇದರಿಂದ ತೆಗೆಯುತ್ತಾರೆ ಎಂಬುದು ನಿಜ. ಆದರೆ ಆ ಆಮ್ಲ ಹಲವು ರಾಸಾಯನಿಕ ಹಂತಗಳನ್ನು ದಾಟಿ ಬೇರೆಯೇ ವಸ್ತುವಾದ ಮೇಲೆ ಔಷಧವಾಗುತ್ತದೆ. ಸಾರಿನ ಮೊಗ್ಗು ರುಚಿ ಕೊಡುತ್ತದೆ, ವೈರಸ್ ಕೊಲ್ಲುವುದಿಲ್ಲ.

ಮನೆಯಲ್ಲಿ ಮಾಡುವುದು ಹೇಗೆ? (ನಾಲ್ವರಿಗೆ)

ಸಾರು: ಒಂದು ಕಿಲೋ ಕೋಳಿ ಮೂಳೆಯನ್ನು ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಜೋರಾಗಿ ಕುದಿಸಿ, ಆ ನೀರು ಚೆಲ್ಲಿ, ಮೂಳೆ ಮತ್ತು ಪಾತ್ರೆ ತೊಳೆಯಿರಿ. ಚೆಲ್ಲುವ ನೀರಿನಲ್ಲಿ ‘ಸತ್ವ’ ಹೋಗುತ್ತದೆ ಎಂದು ಮರುಗಬೇಡಿ, ಹೋಗುವುದು ಹೆಪ್ಪುಗಟ್ಟಿದ ರಕ್ತದ ನೊರೆ. ಮತ್ತೆ 3 ಲೀಟರ್ ತಣ್ಣೀರು ಹಾಕಿ ಸಣ್ಣ ಉರಿಯಲ್ಲಿ ಎರಡು ತಾಸು ಇಡಿ. ಒಂದೊಂದೇ ಗುಳ್ಳೆ ಏಳುತ್ತಿದ್ದರೆ ಸಾಕು. ಜೋರಾಗಿ ಕುದಿಸಿದರೆ ಕೊಬ್ಬು ಚೂರುಚೂರಾಗಿ ನೀರಿನೊಡನೆ ಬೆರೆತು ಸಾರು ಕದಡುತ್ತದೆ. ಕುರಿಯ ಮೂಳೆಯಾದರೆ ನಾಲ್ಕು ತಾಸು ಬೇಕು.

ಅಷ್ಟು ಗ್ಯಾಸ್ ಯಾರು ಸುಡುತ್ತಾರೆ ಎನ್ನುವವರು ಕುಕ್ಕರ್ ಬಳಸಬಹುದು. ಒಳಗೆ ಉಷ್ಣತೆ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವುದರಿಂದ, ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 40 ನಿಮಿಷ ಸಾಕು. ಒತ್ತಡ ತಾನಾಗಿ ಇಳಿಯಲಿ. ‘ಕುಕ್ಕರ್‌ನಲ್ಲಿ ಸತ್ವವೆಲ್ಲ ಸಾಯುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಕಡಿಮೆ ಹೊತ್ತು ಬೇಯುವುದರಿಂದ ಕೆಲವು ವಿಟಮಿನ್ ಹೆಚ್ಚೇ ಉಳಿಯುತ್ತವೆ.

ಪರಿಮಳ: ಒಂದು ದೊಡ್ಡ ಉಳ್ಳಾಗಡ್ಡಿ, ಎರಡು ಇಂಚು ಹಸಿಶುಂಠಿಯನ್ನು ಒಲೆಯ ಉರಿಯ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಕಪ್ಪು ಉಜ್ಜಿ ತೆಗೆದು ಸಾರಿಗೆ ಹಾಕಿ. ಮಾಂಸದ ಸಾರಿಗೆ ಉಳ್ಳಾಗಡ್ಡಿ ಸುಡುವ ರೂಢಿ ನಮ್ಮಲ್ಲೂ ಇದೆ. ಸುಟ್ಟಾಗ ಅದರ ಸಕ್ಕರೆ ಕಂದಾಗಿ ಸಿಹಿ, ಹೊಗೆ ವಾಸನೆ ಎರಡೂ ಬರುತ್ತವೆ. ಎರಡು ಚಕ್ರಮೊಗ್ಗು, ಒಂದಿಂಚು ದಾಲ್ಚಿನ್ನಿ, ಮೂರು ಲವಂಗ, ಒಂದು ಕಪ್ಪು ಏಲಕ್ಕಿ, ಒಂದು ಚಮಚೆ ಕೊತ್ತಂಬರಿ ಕಾಳು, ಅರ್ಧ ಚಮಚೆ ಬಡೇಸೋಪು ಒಣದಾಗಿ ಹುರಿದು, ಬಟ್ಟೆಯಲ್ಲಿ ಕಟ್ಟಿ ಕೊನೆಯ 40 ನಿಮಿಷ ಸಾರಿನಲ್ಲಿಡಿ. ಕುಕ್ಕರ್‌ನಲ್ಲಿ ಮಾಡುವವರು ಮುಚ್ಚಳ ತೆಗೆದ ಮೇಲೆ ಇದನ್ನು ಹಾಕಿ ಸಣ್ಣ ಉರಿಯಲ್ಲಿಡಬಹುದು. ಇವೆಲ್ಲ ಮಸಾಲೆ ಖಾರಕ್ಕೆ ಬಳಸುವ ಸಾಮಾನೇ. ಇಲ್ಲಿ ಪುಡಿ ಮಾಡುವುದಿಲ್ಲ, ಖಾರದ ಪುಡಿ ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ. ಉಪ್ಪು, ಚೂರು ಕಲ್ಲುಸಕ್ಕರೆ ಹಾಕಿ ಸೋಸಿ. ಮೀನಿನ ಸಾಸ್ ಸಿಗದಿದ್ದರೆ ಕೆಲವು ಹನಿ ಸೋಯಾ ಸಾಸ್ ಸಾಕು.

ಶಾಕಾಹಾರಿಗಳು ಮೂಳೆಯ ಬದಲು ಮೂಲಂಗಿ, ಗಜ್ಜರಿ, ಎಲೆಕೋಸು, ಅಣಬೆ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಹಾಕಿ ಒಂದು ತಾಸು ಬೇಯಿಸಬಹುದು. ಜೆಲಾಟಿನ್‌ನ ಮಂದತೆ ಬರುವುದಿಲ್ಲ, ಅಣಬೆಯ ಗ್ಲುಟಮೇಟ್ ರುಚಿ ತುಂಬುತ್ತದೆ.

ನೂಡಲ್ಸ್: ಒಣ ಅಕ್ಕಿ ನೂಡಲ್ಸ್ ಅನ್ನು ಅರ್ಧ ತಾಸು ನೀರಿನಲ್ಲಿ ನೆನೆಸಿ, ಬಡಿಸುವ ಮುನ್ನ ಬೇರೆ ಪಾತ್ರೆಯ ಕುದಿನೀರಿನಲ್ಲಿ ಒಂದು ನಿಮಿಷದೊಳಗೆ ಅದ್ದಿ ತೆಗೆಯಿರಿ. ಸಾರಿನಲ್ಲೇ ಬೇಯಿಸಿದರೆ ಗಂಜಿಯಾಗುತ್ತದೆ. ನೂಡಲ್ಸ್ ಸಿಗದಿದ್ದರೆ ಒತ್ತು ಶಾವಿಗೆ ಒಳ್ಳೆಯ ಬದಲಿ.

ಮೇಲೆ: ಬೇಯಿಸಿ ಬಿಡಿಸಿದ ಕೋಳಿ, ಕೊತ್ತಂಬರಿ, ಪುದೀನ, ಸಿಕ್ಕರೆ ಕಾಮಕಸ್ತೂರಿ. ವಿಯೆಟ್ನಾಂನವರು ಬಳಸುವ ಥಾಯ್ ಬೇಸಿಲ್ ಇದೇ ಗಿಡದ ಒಂದು ತಳಿ. ಮೊಳಕೆ ಹೆಸರನ್ನು ಹಸಿಯಾಗಿ ಹಾಕದೆ ಕುದಿನೀರಿನಲ್ಲಿ ಅದ್ದಿ ಹಾಕಿ. ಕಾಳು ಮೊಳೆಯುವ ಬೆಚ್ಚನೆಯ ತೇವದಲ್ಲಿ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ. ಕೊನೆಗೆ ಲಿಂಬೆ. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆ ಪಕ್ಕದಲ್ಲೇ ಇರುವಾಗ ಬಾಟಲಿಯ ರಸ ಏಕೆ? ಬಟ್ಟಲಿಗೆ ಬಡಿಸಿದ ಮೇಲೆಯೇ ಹಿಂಡಿ, ಕುದಿಸಿದರೆ ಪರಿಮಳ ಹಾರಿಹೋಗುತ್ತದೆ.

ಒಲೆ ಆರಿಸಿದ ಮೇಲೆ

ಮೂರು ಲೀಟರ್ ಸಾರು ಒಂದೇ ಊಟಕ್ಕೆ ಮುಗಿಯದೆ ಉಳಿಯಬಹುದು. ‘ರಾತ್ರಿ ಹೊರಗಿರಲಿ, ಬೆಳಿಗ್ಗೆ ಮತ್ತೊಮ್ಮೆ ಕುದಿಸಿದರೆ ಎಲ್ಲ ಸಾಯುತ್ತವೆ’ ಎಂಬುದು ಬಹಳ ಮನೆಗಳ ನಂಬಿಕೆ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಈ ನಂಬಿಕೆ ಅಪಾಯಕಾರಿ.

ಕಾರಣ ಎರಡು ಬ್ಯಾಕ್ಟೀರಿಯಾ. ಮೊದಲನೆಯದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್, ಮಾಂಸದ ಸಾರಿನಲ್ಲಿ ಬೆಳೆಯುವುದು. ಇದು ಬೀಜದಂಥ ಗಟ್ಟಿ ರೂಪ ತಾಳಿ ಕುದಿಯನ್ನೂ ತಾಳಿಕೊಳ್ಳುತ್ತದೆ. ಸಾರು ತಣಿಯತೊಡಗಿದಾಗ ಆ ಬೀಜಗಳು ಮೊಳೆಯುತ್ತವೆ. ಅದಕ್ಕೆ ಅತಿ ಇಷ್ಟವಾದ ಉಷ್ಣತೆ 43ರಿಂದ 47 ಡಿಗ್ರಿ ಸೆಲ್ಸಿಯಸ್. ಆಗ ಸುಮಾರು 10 ನಿಮಿಷಕ್ಕೊಮ್ಮೆ ಅದರ ಸಂಖ್ಯೆ ದುಪ್ಪಟ್ಟಾಗಬಲ್ಲದು. ವಿಜಯಪುರ ಜಿಲ್ಲೆಯ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಂಥ ದಿನ ಮುಚ್ಚಿಟ್ಟ ದೊಡ್ಡ ಪಾತ್ರೆಯ ಸಾರು ತಾಸುಗಟ್ಟಲೆ ಇದೇ ಉಷ್ಣತೆಯ ಆಸುಪಾಸಿನಲ್ಲಿರುತ್ತದೆ. ಇಂಥ ಸಾರು ತಿಂದ 6ರಿಂದ 24 ತಾಸಿನೊಳಗೆ ಹೊಟ್ಟೆ ನುಲಿತ, ಭೇದಿ ಶುರುವಾಗುತ್ತದೆ.

ಎರಡನೆಯದು ಬ್ಯಾಸಿಲಸ್ ಸೀರಿಯಸ್, ಅನ್ನ, ನೂಡಲ್ಸ್‌ನಂಥ ಪಿಷ್ಟದ ಪದಾರ್ಥಗಳಲ್ಲಿ ಬೆಳೆಯುವುದು. ಇದು ಆಹಾರದಲ್ಲೇ ಬಿಡುವ ಒಂದು ವಿಷ ಕುದಿಸಿದರೂ ನಾಶವಾಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. ತಿಂದ ಅರ್ಧ ತಾಸಿನಿಂದ 6 ತಾಸಿನೊಳಗೆ ವಾಂತಿ. ಎರಡರಲ್ಲೂ ಸಾರಿನ ವಾಸನೆ, ರುಚಿ ಬದಲಾಗಬೇಕೆಂದಿಲ್ಲ. ಹಾಗಾಗಿ ಬೇನೆ ಬಂದಾಗ ‘ಬಿಸಿಲು ತಾಗಿತು’, ‘ದೃಷ್ಟಿಯಾಯಿತು’ ಎನ್ನುತ್ತೇವೆ, ಪಾತ್ರೆಯ ಮೇಲೆ ಅನುಮಾನ ಬರುವುದಿಲ್ಲ. ಗಟ್ಟಿಮುಟ್ಟಾದವರು ಒಂದು ದಿನದಲ್ಲಿ ಸುಧಾರಿಸಿಕೊಳ್ಳಬಹುದು. ಮಕ್ಕಳು, ವಯಸ್ಸಾದವರು, ಬಸುರಿಯರಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತದೆ. ಓಆರ್‌ಎಸ್ ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತಪ್ಪಿಸುವ ದಾರಿ ಸುಲಭ:

• ತಿನ್ನುವಷ್ಟು ತೆಗೆದುಕೊಂಡು, ಉಳಿದದ್ದನ್ನು ಕೂಡಲೇ ಅಗಲವಾದ, ಆಳ ಕಡಿಮೆಯಿರುವ ಎರಡು-ಮೂರು ಪಾತ್ರೆಗಳಿಗೆ ಹಂಚಿ. ದೊಡ್ಡ ಪಾತ್ರೆಯ ನಡುಭಾಗ ಬಹಳ ನಿಧಾನವಾಗಿ ತಣಿಯುತ್ತದೆ.
• ಪಾತ್ರೆಗಳನ್ನು ತಣ್ಣೀರಿನ ಪರಾತದಲ್ಲಿಟ್ಟು ಆಗಾಗ ತಿರುವಿ. ನೀರು ಬಿಸಿಯಾದಾಗ ಬದಲಿಸಿ.
• ಎರಡು ತಾಸಿನೊಳಗೆ, ಕಡು ಬೇಸಿಗೆಯಲ್ಲಿ ಒಂದೇ ತಾಸಿನೊಳಗೆ, ಫ್ರಿಜ್‌ಗೆ ಸೇರಿಸಿ. ‘ಬೆಚ್ಚಗಿನದು ಫ್ರಿಜ್‌ಗಿಟ್ಟರೆ ವಿಷವಾಗುತ್ತದೆ’ ಎಂಬುದು ಸುಳ್ಳು.
• ನೂಡಲ್ಸ್ ಬೇಕಾದಷ್ಟೇ ಅದ್ದಿ, ಉಳಿಸಬೇಡಿ.
• ಫ್ರಿಜ್‌ನ ಸಾರನ್ನು ಎರಡು-ಮೂರು ದಿನದೊಳಗೆ, ತಿನ್ನುವಷ್ಟನ್ನೇ ತೆಗೆದು ತಳಮಳ ಕುದಿಸಿ ಬಳಸಿ.
• ಫ್ರಿಜ್ ಇಲ್ಲದಿದ್ದರೆ ಅಥವಾ ಕರೆಂಟ್ ಹೋಗಿ ಬಹಳ ಹೊತ್ತಾಗಿದ್ದರೆ ಅರ್ಧ ಅಳತೆಯಲ್ಲಿ ಮಾಡಿ, ಅಂದೇ ಮುಗಿಸಿ. ಉಳಿದದ್ದನ್ನು ಚೆಲ್ಲುವುದೇ ಕಡಿಮೆ ಖರ್ಚು.

ಫಾರ್ವರ್ಡ್ ಮಾಡುವ ಮುನ್ನ

ಒಂದು ಪದಾರ್ಥ ಎಲ್ಲ ರೋಗಕ್ಕೂ ಮದ್ದು ಎಂದೋ, ಎಲ್ಲರಿಗೂ ವಿಷ ಎಂದೋ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಪ್ರಮಾಣ ಎಂದು ಹೇಳಿದೆಯೇ? ಯಾರಿಗೆ ಎಂದು ಹೇಳಿದೆಯೇ? ಹೇಗೆ ಗೊತ್ತಾಯಿತು ಎಂದು ಹೇಳಿದೆಯೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಮುಂದೆ ಕಳಿಸಬೇಡಿ. ಮನೆಯ ಗ್ರೂಪಿಗೆ ಅಡುಗೆಯ ಬಗ್ಗೆ ಏನಾದರೂ ಕಳಿಸಲೇಬೇಕೆಂದಿದ್ದರೆ ಸಾರು ತಣಿಸುವ ಮೇಲಿನ ಆರು ಸಾಲು ಕಳಿಸಿ. ಫೋ ಮಾಡದವರಿಗೂ, ಜಾತ್ರೆ, ಮದುವೆಯ ಮರುದಿನ ಉಳಿದ ಸಾರು ಬಿಸಿಮಾಡುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.